ಐದು ಲೋಟ, ಒಂದು ಚಮಚ

ಟಿಣ್.

ರಾತ್ರಿ ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ಶ್ರೀವಾಣಿಯ ಅಡುಗೆಮನೆಯಲ್ಲಿ ಆದ ಸದ್ದು ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಇಲಿ ಇರಬೇಕು ಎಂದು ಮಗ್ಗುಲು ಬದಲಿಸುತ್ತಿದ್ದರು. ಶ್ರೀವಾಣಿಯಾದರೋ ಹದಿನಾಲ್ಕು ತಿಂಗಳಿಂದ ಇದೊಂದು ಸದ್ದಿಗಾಗಿ ಒಂದು ಕಿವಿಯನ್ನು ದಿಂಬಿಗೆ ತಾಗಿಸದೆ ಮಲಗುತ್ತಿದ್ದವಳು. ಕಣ್ಣು ಬಿಡುವ ಮೊದಲೇ ಅವಳ ಕೈ ಕತ್ತಿನಲ್ಲಿದ್ದ ಸೀಟಿಗೆ ಹೋಯಿತು.

ಸದ್ದು ಬಂದದ್ದು ಅವಳೇ ಕಟ್ಟಿದ ಯಂತ್ರದಿಂದ. ಯಂತ್ರ ಎನ್ನುವುದು ದೊಡ್ಡ ಮಾತು. ಶಹಾಡ್ ಸ್ಟೇಷನ್ನಿನ ಎದುರು ಗಂಡ ರಮಾಕಾಂತ ನಡೆಸುವ ಹೋಟೆಲಿನಿಂದ ತಂದ ಐದು ಸ್ಟೀಲ್ ಲೋಟ, ಬಾಯಿಗೆ ಬಾಯಿ, ತಳಕ್ಕೆ ತಳ ಕೂಡಿಸಿ ಒಂದರ ಮೇಲೊಂದು. ತುದಿಯಲ್ಲಿ ಅಡ್ಡಲಾಗಿ ಒಂದು ಚಮಚ. ಬುಡದಲ್ಲಿ ಹಿತ್ತಾಳೆಯ ಹರಿವಾಣ. ಭೂಮಿ ಅಲುಗಿದರೆ ಮೊದಲು ಚಮಚ ಬೀಳಬೇಕು, ಆಮೇಲೆ ಲೋಟ, ಆಮೇಲೆ ಗೋಡೆ. ಚಮಚಕ್ಕೂ ಗೋಡೆಗೂ ನಡುವೆ ಎಷ್ಟು ಹೊತ್ತು ಸಿಗುತ್ತದೋ ಅಷ್ಟರಲ್ಲಿ ಡೊಂಬಿವಲಿಯ ಈ ಹೌಸಿಂಗ್ ಸೊಸೈಟಿಯ ಹದಿನಾರು ಮನೆಯವರೂ ನಾಲ್ಕು ಮಹಡಿ ಇಳಿದು ಅಂಗಳಕ್ಕೆ ಬರಬೇಕು.

ಶ್ರೀವಾಣಿ ಭೂಗೋಳದಲ್ಲಿ ಎಂ.ಎ. ಮಾಡಿದವಳು. ಮನೆಯಲ್ಲಿ ಸಾರಿನ ಹುಡಿ ಮುಗಿದದ್ದು ಮರೆತುಹೋಗುತ್ತಿತ್ತು. ಆದರೆ ಚೀನಾದ ನದಿಗಳು ಉಕ್ಕಿ ಲಕ್ಷಗಟ್ಟಲೆ ಜನರನ್ನು ನುಂಗಿದ್ದು ಮೂವತ್ತೊಂದರಲ್ಲಿ, ಬಂಗಾಳದ ಕರಾವಳಿಯ ಮೇಲೆ ಆ ಭಯಂಕರ ಚಂಡಮಾರುತ ಬಂದದ್ದು ಎಪ್ಪತ್ತರ ನವೆಂಬರಿನಲ್ಲಿ, ತಾಂಗ್‌ಶಾನ್ ಎಂಬ ಇಡೀ ನಗರ ನೆಲಕ್ಕೆ ಕೂತದ್ದು ಎಪ್ಪತ್ತಾರರಲ್ಲಿ ಬೆಳಗಿನ ಜಾವ ಮೂರು ನಲವತ್ತೆರಡಕ್ಕೆ, ಮಹಾರಾಷ್ಟ್ರದ ಕಿಲ್ಲಾರಿ ನಡುಗಿದ್ದು ತೊಂಬತ್ತಮೂರರಲ್ಲಿ ಮೂರು ಐವತ್ತಾರಕ್ಕೆ ಎನ್ನುವುದು ಮರೆಯುತ್ತಿರಲಿಲ್ಲ. ಊಟಕ್ಕೆ ಕೂತಾಗ ಇವು ತಾವಾಗಿಯೇ ಬಾಯಿಗೆ ಬರುತ್ತಿದ್ದವು.

"ಇಡ್ಲಿಗೆ ನೆನೆ ಹಾಕುವ ಹೊತ್ತಿಗೆ ಸುನಾಮಿ ತರಬೇಡ ಮಾರಾಯ್ತಿ," ಎನ್ನುತ್ತಿದ್ದ ರಮಾಕಾಂತ. "ಹಿಟ್ಟು ಹೆದರಿ ಉಬ್ಬುವುದೇ ಇಲ್ಲ."

ಅವನು ನಗಲಿ. ಎರಡು ವರ್ಷ ಸೊಸೈಟಿಯ ಬೆನ್ನು ಹತ್ತಿ ಶ್ರೀವಾಣಿ ಸಾಧಿಸಿದ್ದು ಒಂದೇ ಒಂದು ವಿಷಯ: ಮೆಟ್ಟಿಲು ಖಾಲಿ. ಮೊದಲು ಅಲ್ಲಿ ಎರಡು ಮುರುಕಲು ಕಪಾಟು, ಮೂರು ಸೈಕಲ್, ಈರುಳ್ಳಿ ಮೂಟೆ, ಯಾರದೋ ಮದುವೆಯಲ್ಲಿ ಉಳಿದ ಕುರ್ಚಿಗಳು ಇದ್ದವು. ಮನುಷ್ಯರು ಅಡ್ಡಡ್ಡ ನಡೆಯಬೇಕಿತ್ತು. ಈಗ ಮೇಲಿಂದ ಕೆಳಗಿನವರೆಗೆ ಒಂದು ಚಪ್ಪಲಿಯೂ ಇರಲಿಲ್ಲ. ಆಪತ್ತಿನ ಸೀಟಿ ಯಾರ ಕೊರಳಲ್ಲಿದೆಯೋ ಅವರ ಮಾತೇ ಮೆಟ್ಟಿಲಿನ ಮೇಲೆ ನಡೆಯಬೇಕು ಎಂದು ಸಭೆಯಲ್ಲಿ ಬರೆದಿಟ್ಟದ್ದರಿಂದ ಇದು ಸಾಧ್ಯವಾಗಿತ್ತು.

ಆದರೆ ಅವಳು ಈಗಾಗಲೇ ಎರಡು ಸಲ ಸುಳ್ಳು ಸೀಟಿ ಊದಿದ್ದಳು. ಮೊದಲ ಸಲ ರಸ್ತೆಯಾಚೆ ಮೆಟ್ರೋ ಕಂಬಕ್ಕೆ ಗುಂಡಿ ತೋಡುವ ಯಂತ್ರ. ಎರಡನೆಯ ಸಲ ಪಕ್ಕದ ಮನೆಯ ವಾಷಿಂಗ್ ಮಷೀನು ಕೊನೆಯ ಸುತ್ತಿನಲ್ಲಿ ಕುಣಿದದ್ದು. ಎರಡನೆಯ ಸಲದ ಮರುದಿನ ಸೊಸೈಟಿಯ ಅಧ್ಯಕ್ಷ, ಕಲ್ಯಾಣದಲ್ಲಿ ನಲವತ್ತು ವರ್ಷ ಅರಿವೆ ವ್ಯಾಪಾರ ಮಾಡಿದ ಶಂಕರೆಪ್ಪ, ಮನೆಗೇ ಬಂದು ಕೂತು ಚಹಾ ಕುಡಿದು ಹೇಳಿದ್ದರು: "ವೈನಿ, ನಿಮ್ಮ ಮ್ಯಾಲ ನನಗ ಭಾಳ ಗೌರವ ಅದ. ಆದ್ರ ಮೂರನೇ ಸಲನೂ ಸುಳ್ಳಾತಂದ್ರ ಸೀಟಿ ನನ್ನ ಕೈಯಾಗ ಕೊಡಬೇಕು. ಜನ ಕಪಾಟು ಹೊತಗೊಂಡು ಕಾಯಾಕತ್ಯಾರ."

ಇಷ್ಟನ್ನೂ ಅವಳು ಹಾಸಿಗೆಯಿಂದ ಅಡುಗೆಮನೆಗೆ ಓಡುವ ಆರು ಹೆಜ್ಜೆಯಲ್ಲಿ ಯೋಚಿಸಿದಳು. ಮೊಬೈಲಿನ ಬೆಳಕಿನಲ್ಲಿ ನೋಡಿದಳು. ಲೋಟಗಳು ನಿಂತಿದ್ದವು. ಚಮಚ ಹರಿವಾಣದಲ್ಲಿ ಬಿದ್ದಿತ್ತು. ಕಿಟಕಿ ಮುಚ್ಚಿತ್ತು, ಗಾಳಿಯಿಲ್ಲ. ಮೆಟ್ರೋ ಯಂತ್ರ ಹೋಗಿ ಐದು ತಿಂಗಳಾಗಿತ್ತು. ವಾಷಿಂಗ್ ಮಷೀನಿನ ಕಾಲಿಗೆ ಅವಳೇ ಸ್ವಂತ ಖರ್ಚಿನಲ್ಲಿ ರಬ್ಬರು ಹಾಕಿಸಿಕೊಟ್ಟಿದ್ದಳು. ಹಾಗಾದರೆ ಇನ್ನೇನು ಉಳಿಯಿತು? ಭೂಮಿಯೇ.

ಊದಿದಳು.

ಹಾಲ್‌ನಲ್ಲಿ ಅತ್ತೆ ವನಮಾಲಮ್ಮ ಆಗಲೇ ದಿವಾನದ ಮೇಲೆ ಎದ್ದು ಕೂತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಎಂತ, ಬಂತಾ?" ಎಂದರು. ಎಪ್ಪತ್ತಾರು ವರ್ಷದ ಮುದುಕಿ, ಹಿಂದಿನ ಎರಡೂ ಸಲ ಎಬ್ಬಿಸಲು ಮೂರು ಜನ ಬೇಕಾಗಿದ್ದವರು, ಇಂದು ಸೀಟಿಗಿಂತ ಮೊದಲೇ ತಯಾರು. ತನ್ನ ತಾಲೀಮು ವ್ಯರ್ಥವಾಗಲಿಲ್ಲ ಎಂದು ಆ ಗಡಿಬಿಡಿಯಲ್ಲೂ ಶ್ರೀವಾಣಿಯ ಎದೆ ತುಂಬಿತು. ಮಗಳು ಅನಘ ಮಾತ್ರ ಕಣ್ಣು ಮುಚ್ಚಿಕೊಂಡೇ ನಡೆದು ಬಂದಳು. "ಮಮ್ಮಿ, ಯೇ ಭೀ ಫಾಲ್ಸ್ ನಿಕ್ಲಾ ನಾ, ತೋ ಮೈ ದಿವಾ ಮೇ ರೂಮ್ ಲೇಕೆ ರಹೂಂಗಿ," ಎಂದು, ಇದೂ ಸುಳ್ಳಾದರೆ ದಿವಾದಲ್ಲಿ ಬೇರೆ ರೂಮು ಹಿಡಿಯುವುದಾಗಿ ಬೆದರಿಸಿ, ಮುಖ ಊದಿಸಿಕೊಂಡು ಮೆಟ್ಟಿಲಿಳಿದಳು.

ಹದಿನಾರು ಮನೆಗಳ ಬಾಗಿಲು ತೆರೆದವು. ಐದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಕೊನೆಯ ಮನುಷ್ಯ ಅಂಗಳದಲ್ಲಿದ್ದ. ಹಿಂದಿನ ಸಲ ಹನ್ನೊಂದು ನಿಮಿಷ ಹಿಡಿದಿತ್ತು. ಶ್ರೀವಾಣಿ ಸಮಯ ಬರೆದುಕೊಂಡು ತಲೆ ಎಣಿಸಿದಳು. ಐವತ್ತೆಂಟು ತಲೆ, ಒಂದು ಗಿಳಿ.

ಮಳೆ ನಿಂತು ಅಂಗಳ ಒದ್ದೆಯಾಗಿತ್ತು. ಆಪತ್ತಿನಲ್ಲಿ ಒಂದೇ ಒಂದು ಅಗತ್ಯದ ವಸ್ತು ಕೈಗೆತ್ತಿಕೊಂಡು ಬನ್ನಿ ಎಂದು ಅವಳು ಮನೆಮನೆಗೆ ಚೀಟಿ ಹಂಚಿದ್ದಳು. ಈಗ ಟಾರ್ಚಿನ ಬೆಳಕಿನಲ್ಲಿ ಆ ವಸ್ತುಗಳು ಒಂದೊಂದಾಗಿ ಕಂಡವು. ಅನಘಳ ಕೈಯಲ್ಲಿ ಚಾರ್ಜರ್ ಇತ್ತು, ಫೋನಿರಲಿಲ್ಲ. ರಮಾಕಾಂತ ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಕಾಫಿ ಫಿಲ್ಟರಿನ ಕೆಳಗಿನ ಅರ್ಧ ಹಿಡಿದು ನಿಂತಿದ್ದ. ಶಂಕರೆಪ್ಪ ತಮ್ಮ ಹಲ್ಲಿನ ಸೆಟ್ಟನ್ನು ನೀರಿನ ಬಟ್ಟಲಿನ ಸಮೇತ, ಒಂದು ಹನಿ ಚೆಲ್ಲದೆ, ನಾಲ್ಕನೆಯ ಮಹಡಿಯಿಂದ ಇಳಿಸಿದ್ದರು.

ಎಲ್ಲರೂ ಶ್ರೀವಾಣಿಯನ್ನೇ ನೋಡುತ್ತಿದ್ದರು. ಕಟ್ಟಡ ಬಹಳ ಆರಾಮವಾಗಿ ನಿಂತಿತ್ತು.

ಕಪಾಟುಗಳು ಮತ್ತೆ ಮೆಟ್ಟಿಲಿಗೆ ಬರುವುದು ಅವಳ ಕಣ್ಣಿಗೆ ಕಟ್ಟಿತು.

ಆಗ ನೆಲಮಹಡಿಯ ಊರ್ಮಿಳಾತಾಯಿ ನಿಧಾನವಾಗಿ ಹೇಳಿದರು: "ಮಾಝಾ ಪಂಖಾ ಹಲತ್ ಹೋತಾ. ಮೀ ಸ್ವತಃ ಪಾಹಿಲಾ." ತಮ್ಮ ಫ್ಯಾನು ಅಲ್ಲಾಡುವುದನ್ನು ತಾವೇ ನೋಡಿದ್ದಾಗಿ ಅವರ ಸಾಕ್ಷಿ. ಫ್ಯಾನು ಚಾಲೂ ಇತ್ತೇ ಎಂದು ಹಿಂದಿನಿಂದ ಯಾರೋ ಕೇಳಿದರು. ಚಾಲೂ ಇತ್ತು, ಆದರೆ ಹಾಗಲ್ಲ, ಬೇರೆ ಥರ ಅಲ್ಲಾಡುತ್ತಿತ್ತು ಎಂದು ಊರ್ಮಿಳಾತಾಯಿ ಕೈಯಲ್ಲಿ ತೋರಿಸಿದರು.

ಅಷ್ಟು ಸಾಕಾಯಿತು. ಶಂಕರೆಪ್ಪ ಬಟ್ಟಲನ್ನು ಮೇಲೆತ್ತಿ, ಹಲ್ಲಿಲ್ಲದ ಬಾಯಲ್ಲಿ, "ನನಗ ಎಚ್ಚರ ಆಗಿದ್ದ ಇವುಗಳಿಂದ. ಬಟ್ಟಲದಾಗ ಕಟಕಟಾ ಅಂತ ಬಡಕೋಳ್ಳಾಕತ್ತಿದ್ವು," ಎಂದರು. ಇನ್ನೊಬ್ಬರ ಮಂಚ ಎರಡಿಂಚು ಸರಿದಿತ್ತು. ಮತ್ತೊಬ್ಬರ ಗಣಪತಿಯ ಫೋಟೋ ವಾರೆಯಾಗಿತ್ತು. ಯಾರ ಮನೆಯಲ್ಲಿ ಏನೂ ಆಗಿರಲಿಲ್ಲವೋ ಅವರು ನಾಚಿಕೆಯಿಂದ ಸುಮ್ಮನಿದ್ದು, ಸ್ವಲ್ಪ ಹೊತ್ತಿನ ಮೇಲೆ, ಹೌದು, ತಮಗೂ ತಲೆ ತಿರುಗಿದಂತಾಗಿತ್ತು ಎಂದು ನೆನಪಿಸಿಕೊಂಡರು. ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಭೂಕಂಪವಾಗದ ಮನೆಯೇ ಉಳಿಯಲಿಲ್ಲ. ಗಿಳಿ ಕೂಡ ಎರಡು ಗಂಟೆಯಿಂದ ಚಡಪಡಿಸುತ್ತಿತ್ತಂತೆ.

ಆಮೇಲೆ ಶುರುವಾದದ್ದು ಜಾತ್ರೆ. ಸತ್ತಿಲ್ಲ ಎನ್ನುವುದು ಎಲ್ಲರಿಗೂ ಒಮ್ಮೆಲೇ ಹೊಳೆದಂತಿತ್ತು. ಯಾರೋ ನಕ್ಕರು, ಅದನ್ನು ನೋಡಿ ಇನ್ನೊಬ್ಬರು, ಕೊನೆಗೆ ಯಾಕೆ ನಗುತ್ತಿದ್ದೇವೆ ಎಂದು ತಿಳಿಯದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಎರಡನೆಯ ಮಹಡಿಯ ಇಬ್ಬರು ಮಳೆ ನಿಂತಿದ್ದರೂ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಐವತ್ತೆಂಟು ಜನ ಚಹಾ ಇಲ್ಲದೆ ನಿಂತದ್ದನ್ನು ನೋಡಿ ಸಹಿಸಲಾರದ ರಮಾಕಾಂತ ವಾಚ್‌ಮನ್ನನ ಸ್ಟೌವು ಹೊತ್ತಿಸಿ, ಬೈರಾಸಿನಲ್ಲೇ, ಚಹಾಕ್ಕೆ ಶುಂಠಿ ಜಜ್ಜತೊಡಗಿದ. "ಕಟ್ಟಿಂಗ್, ಕಟ್ಟಿಂಗ್, ಮಕ್ಕಳಿಗೆ ಅರ್ಧ," ಎಂದು ಅರ್ಧ ಲೋಟದ ಚಹಾ ಮಾರುವ ಹೋಟೆಲಿನ ದನಿಯಲ್ಲೇ ಕೂಗಿದ.

ಶಂಕರೆಪ್ಪನವರ ಹೆಂಡತಿ ಸುಶೀಲಾಬಾಯಿ ತಂದ ಅಗತ್ಯದ ವಸ್ತು ಒಂದು ದೊಡ್ಡ ಡಬ್ಬಿ. ಅದರಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಗಿಂಡಿ ಮೊಸರು. "ತಿಂಗಳಗಟ್ಟಲೆ ಕೆಡಂಗಿಲ್ಲ ನೋಡ್ರಿ ರೊಟ್ಟಿ, ಭೂಕಂಪಕ್ಕ ಇದ ಛಲೋ," ಎಂದು ಮುರಿದು ಮುರಿದು ಹಂಚಿದರು. ವನಮಾಲಮ್ಮನ ಮುಂದೆಯೂ ಹಿಡಿದರು. "ಅಮ್ಮಾರ, ಹಿಂಡಿ ಮ್ಯಾಲ ಒಂದೀಟು ಮಸರು ಹಾಕ್ಲೇನು?"

ವನಮಾಲಮ್ಮ ಬೆನ್ನು ನೆಟ್ಟಗೆ ಮಾಡಿದರು. "ಈ ತಿಂಗಳು ನಮಗೆ ದಧಿವ್ರತ. ಮೊಸರು ಮುಟ್ಟುವ ಹಾಗಿಲ್ಲ."

ಅದು ಇಡೀ ಡೊಂಬಿವಲಿಗೆ ಗೊತ್ತಿದ್ದ ವಿಷಯ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಅದರ ಮುಂದಿನ ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ಐವತ್ತೆರಡು ವರ್ಷ ವನಮಾಲಮ್ಮ ಒಂದು ದಿನ ತಪ್ಪಿದವರಲ್ಲ. ಭಜನಾ ಮಂಡಳಿಯ ಹೆಂಗಸರು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕೋಪರಖೈರಣೆಯಿಂದ ಫೋನು ಮಾಡಿ ಕೇಳುತ್ತಿದ್ದದ್ದು ಅವರನ್ನೇ. ಮನೆಯಲ್ಲಿ ಯಾರಿಗೂ ಮೊಸರಿಲ್ಲ. ರಮಾಕಾಂತ ಶಹಾಡಿನ ಹೋಟೆಲಿನಲ್ಲಿ ಮೊಸರುವಡೆ ತಿಂದು, ಲೋಕಲ್ ರೈಲಿನಲ್ಲಿ ಎರಡು ಏಲಕ್ಕಿ ಜಗಿದು ಮನೆಗೆ ಬರುತ್ತಿದ್ದ. ಬಾಗಿಲಲ್ಲೇ ಅವನ ತಾಯಿ, "ಇವತ್ತು ಎಷ್ಟು ವಡೆ?" ಎಂದು ಕೇಳುತ್ತಿದ್ದರು.

ಮೂರೂವರೆಗೆ ಜನ ಮೇಲೆ ಹೋದರು. ಹೋಗುವಾಗ ಒಬ್ಬೊಬ್ಬರೂ ಶ್ರೀವಾಣಿಯ ಕೈ ಹಿಡಿದರು. ಊರ್ಮಿಳಾತಾಯಿ ಅಪ್ಪಿಕೊಂಡರು. ಅನಘ ಕೂಡ, "ಮಮ್ಮಿ, ಯೂ ಆರ್ ಟ್ರೆಂಡಿಂಗ್," ಎಂದು ಅಮ್ಮನ ಮೊಬೈಲಿನಲ್ಲೇ ಸೊಸೈಟಿಯ ಗ್ರೂಪಿಗೆ ಬಂದ ನೂರ ಹತ್ತು ಮೆಸೇಜು ತೋರಿಸಿದಳು. ಶ್ರೀವಾಣಿಗೆ ಮೆಟ್ಟಿಲು ಹತ್ತಿದ್ದೇ ಗೊತ್ತಾಗಲಿಲ್ಲ. ಹದಿನೈದು ವರ್ಷದ ಹುಡುಗಿಯ ಹಾಗೆ ಎರಡೆರಡು ಮೆಟ್ಟಿಲು ಹಾರಿ ಬಂದಳು.

ಬಂದವಳೇ ಯಂತ್ರವನ್ನು ಸರಿಮಾಡಲು ಅಡುಗೆಮನೆಗೆ ಹೋದಳು. ಹರಿವಾಣದಿಂದ ಚಮಚ ಎತ್ತಿದಳು. ಅದು ಹರಿವಾಣಕ್ಕೆ ತುಸು ಅಂಟಿಕೊಂಡಿತ್ತು.

ದೀಪ ಹಾಕಿ ನೋಡಿದಳು. ಚಮಚದ ತಗ್ಗಿನಲ್ಲಿ ಬಿಳಿಯ ತೆಳು ಪದರ. ಮೂಗಿನ ಹತ್ತಿರ ತಂದಳು. ಹುಳಿ.

ಶ್ರೀವಾಣಿ ನೋಡಿದ್ದನ್ನು ನೋಡಲಿಲ್ಲ ಅಂದುಕೊಳ್ಳಲು ಬಾರದ ಹೆಂಗಸು. ಕಣ್ಣು ತಾನಾಗಿ ಕೆಲಸ ಶುರುಮಾಡಿತು. ಚಮಚದ ಸ್ಟ್ಯಾಂಡು ಸದ್ದು ಮಾಡುತ್ತದೆ, ಕತ್ತಲಲ್ಲಿ ಅದಕ್ಕೆ ಕೈ ಹಾಕಿದರೆ ಮನೆಯೆಲ್ಲ ಏಳುತ್ತದೆ. ಸದ್ದಿಲ್ಲದೆ ಸಿಗುವ ಚಮಚ ಈ ಮನೆಯಲ್ಲಿ ಒಂದೇ, ಲೋಟಗಳ ತುದಿಯಲ್ಲಿ. ತೆಗೆಯುವುದು ಸುಲಭ. ತಿರುಗಿ ಇಡುವುದು ಕಷ್ಟ. ಅವಳಿಗೇ ಅದನ್ನು ಕಲಿಯಲು ಒಂದು ವಾರ ಹಿಡಿದಿತ್ತು. ಅಕ್ಕಿ ಡಬ್ಬದ ಕಡೆ ನೋಡಿದಳು. ಡಬ್ಬ ಗೋಡೆಯಿಂದ ನಾಲ್ಕು ಬೆರಳು ಮುಂದಿತ್ತು. ಹಿಂದೆ ಕೈ ಹಾಕಿದರೆ ಒಂದು ಪುಟ್ಟ ಮುಚ್ಚಳದ ಕರಡಿಗೆ, ಒಳಗೆ ಅಚ್ಚುಕಟ್ಟಾಗಿ ಹೆಪ್ಪುಗಟ್ಟಿದ ಗಟ್ಟಿ ಮೊಸರು. ಒಂದು ಮೂಲೆಯಲ್ಲಿ ಮೂರು ಚಮಚದಷ್ಟು ಖಾಲಿ.

ಸೀಟಿಗಿಂತ ಮೊದಲೇ ಎದ್ದು ಕೂತದ್ದು. ಬಾಯಿಗೆ ಸೆರಗು. ತಾಲೀಮಿನ ಫಲ.

ತಿರುಗಿ ನೋಡಿದರೆ ಬಾಗಿಲಲ್ಲಿ ವನಮಾಲಮ್ಮ ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ಕರಡಿಗೆ ಸೊಸೆಯ ಎಡಗೈಯಲ್ಲಿತ್ತು, ಚಮಚ ಬಲಗೈಯಲ್ಲಿತ್ತು. ಇಬ್ಬರೂ ಅವೆರಡನ್ನೂ ನೋಡಿದರು.

"ಚಮಚ ತೊಳೆದಿಡ್ತೇನೆ ಅತ್ತೆ," ಎಂದಳು ಶ್ರೀವಾಣಿ.

"ತೊಳಿ. ಬಿದ್ದದ್ದಲ್ವಾ," ಎಂದರು ವನಮಾಲಮ್ಮ. ಸ್ವಲ್ಪ ತಡೆದು, "ಭೂಕಂಪ ಜೋರೇ ಇತ್ತು."

"ಚಮಚ ಬಿದ್ದದ್ದು ಹೌದು ಅತ್ತೆ."

ವನಮಾಲಮ್ಮ ಹೋಗಿ ಮಲಗಿದರು. ಆದರೆ ಬೆಳಗಿನವರೆಗೂ ಗೊರಕೆ ಕೇಳಲಿಲ್ಲ.

ಬೆಳಗಾದ ಮೇಲೆ ಶ್ರೀವಾಣಿ ಸರಕಾರದ ಭೂಕಂಪ ಕೇಂದ್ರದ ಪುಟ ತೆರೆದಳು. ಆ ರಾತ್ರಿಯ ಪಟ್ಟಿಯಲ್ಲಿ ಮಹಾರಾಷ್ಟ್ರದ ಹೆಸರೇ ಇರಲಿಲ್ಲ. ಹನ್ನೊಂದು ಗಂಟೆಗೆ ಶಂಕರೆಪ್ಪ, ಹಲ್ಲು ಹಾಕಿಕೊಂಡು, ತಾವೇ ಬಂದರು. "ಐತವಾರ ಸಭೆ ಇಟ್ಟೇನ್ರಿ ವೈನಿ. ಸೀಟಿ ಕಾಯಂ ನಿಮ್ದ. ಶಾಲು, ತೆಂಗಿನಕಾಯಿ ಎಲ್ಲಾ ಅದ."

"ಅಣ್ಣಾ, ಸರಕಾರದ ಪಟ್ಟಿಯಲ್ಲಿ ಏನೂ ಇಲ್ಲ," ಎಂದಳು ಅವಳು.

"ಆ ಮಷೀನು ದಿಲ್ಲಿಯಾಗ ಅದಾವ್ರಿ. ನನ್ನ ಹಲ್ಲು ಡೊಂಬಿವಲಿಯಾಗಿದ್ವು," ಎಂದು ಅವರು ಹೋದರು.

ಸುಳ್ಳಿನ ಮೇಲೆ ಶಾಲು ಹೊದೆಯಲು ಅವಳಿಂದ ಆಗುವಂತಿರಲಿಲ್ಲ. ಸಭೆಯಲ್ಲಿ ಓದಲು ಒಂದು ಚೀಟಿ ಬರೆಯತೊಡಗಿದಳು. "ನಮ್ಮ ಮನೆಯ ಒಳಗಿನ ಕಾರಣದಿಂದ ಚಮಚ ಬಿದ್ದು" ಎಂದು ಬರೆದಳು. ಒಳಗಿನ ಕಾರಣ ಯಾವುದು ಎಂದು ಕೇಳಿದರೆ? ಹರಿದಳು. "ಕೈತಪ್ಪಿನಿಂದ" ಎಂದು ಬರೆದಳು. ಯಾರ ಕೈ? ಹರಿದಳು. "ನನ್ನ ಕೈತಪ್ಪಿನಿಂದ" ಎಂದರೆ ಒಂದು ಸುಳ್ಳು ಬಿಡಲು ಇನ್ನೊಂದು ಸುಳ್ಳು. ಕೊನೆಗೆ ಐದನೆಯ ಚೀಟಿಯಲ್ಲಿ, "ಅಂದು ಭೂಕಂಪವಾಗಿರಲಿಲ್ಲ. ಕ್ಷಮಿಸಿ," ಎಂದಷ್ಟೇ ಬರೆದು ನಾಲ್ಕು ಮಡಿಕೆ ಮಾಡಿ ಸೀಟಿಯ ಜೊತೆ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅತ್ತೆಯ ಹೆಸರಿಲ್ಲ. ಸೀಟಿ ಹೋಗುತ್ತದೆ. ಕಪಾಟು ಬರುತ್ತದೆ. ಬರಲಿ.

ಭಾನುವಾರ ಸಂಜೆ ಮೆಟ್ಟಿಲಿಳಿಯುವಾಗ ಮುಂದೆ ಸುಶೀಲಾಬಾಯಿ ಇಳಿಯುತ್ತಿದ್ದರು. ಎರಡನೆಯ ಮಹಡಿಯ ತಿರುವಿನಲ್ಲಿ ಅವರು ನಿಂತರು. ಸೊಂಟಕ್ಕೆ ಕೈಯಿಟ್ಟು ಕೆಳಗೆ ನೋಡಿದರು, ಮೇಲೆ ನೋಡಿದರು.

"ತಂಗಿ, ಒಂದು ಮಾತು ಹೇಳ್ಲೇನು? ನಮ್ಮಕ್ಕನ್ನ ಕಿಲ್ಲಾರಿ ಸನೇದಾಗ ಕೊಟ್ಟಿದ್ರು."

ಶ್ರೀವಾಣಿ ನಿಂತಳು. ಹನ್ನೆರಡು ವರ್ಷದ ಪರಿಚಯದಲ್ಲಿ ಈ ಮಾತು ಬಂದದ್ದಿಲ್ಲ. ಅವಳು ಮೂರು ಐವತ್ತಾರು, ಮೂರು ಐವತ್ತಾರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದಾಗಲೂ ಈ ಹೆಂಗಸು ತುಟಿ ಬಿಚ್ಚಿರಲಿಲ್ಲ.

"ಅವತ್ತ ಗಣಪತಿ ಕಳಿಸಿ ಬಂದು ದಣದು ಮಲಗಿದ್ರು. ಮಳಿ ಬಂದೀತಂತ ಜ್ವಾಳದ ಚೀಲ ಎಲ್ಲಾ ಒಳಗ ತಂದು ತಲಬಾಗಲಕ್ಕ ಒಟ್ಟಿದ್ರಂತ. ನಮ್ಮ ಭಾವ ಅಂಗಳದಾಗ ಮಲಗಿದ್ದ, ಉಳದ. ಅಕ್ಕ ಬಾಗಲದ ಮಟಾ ಬಂದಿದ್ಳು. ಚೀಲ ದಾಟಾಕ ಆಗ್ಲಿಲ್ಲ." ಸುಶೀಲಾಬಾಯಿ ಕೈಯಿಂದ ಗೋಡೆ ಸವರಿದರು. "ಮೊನ್ನೆ ರಾತ್ರಿ ನಾಕು ಮಾಳಿಗಿ ಇಳದೆ. ಕತ್ತಲ. ಕಾಲಿಗೆ ಒಂದು ಕಡ್ಡಿ ಸೈತ ತಾಗಲಿಲ್ಲ. ಕೆಳಗ ನಿಂತು ಎಲ್ಲಾರೂ ನಗಾಕತ್ತಿದ್ರಲ್ಲಾ, ನಾನೂ ನಕ್ಕೆ. ಆಮ್ಯಾಲ ಮ್ಯಾಲ ಬಂದು ಬೆಳಕಾಗೂತನಕ ಮಲಗಿದೆ. ಮೂವತ್ತು ವರ್ಷ ಆತು ನೋಡು, ಮಳಿಗಾಲದಾಗ ಒಮ್ಮೆನೂ ನಾಕಕ್ಕ ಎಚ್ಚರಿಲ್ಲದಂಗ ಮಲಗಿದ್ದಿಲ್ಲ."

ಅಷ್ಟು ಹೇಳಿ ಅವರು ಸೆರಗು ಸರಿಮಾಡಿಕೊಂಡರು. "ನಡಿ. ನಮ್ಮನೆಯಾವ್ರು ಭಾಷಣ ಬರಕೊಂಡಾರ. ತಡಾ ಆದ್ರ ಎರಡು ಸಲ ಓದ್ತಾರ."

ಶ್ರೀವಾಣಿ ಅವರ ಹಿಂದೆ ಇಳಿದಳು. ಕೊನೆಯ ಮೆಟ್ಟಿಲಿನ ಹೊತ್ತಿಗೆ ಮುಷ್ಟಿಯೊಳಗಿನ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಭಾಷಣವಾಯಿತು, ಅದರಲ್ಲಿ ಹಲ್ಲಿನ ಪ್ರಸಂಗ ಎರಡು ಸಲ ಬಂತು. ಶಾಲು ಹೊದಿಸಿದರು. ಶಂಕರೆಪ್ಪ ಸಭೆಯ ಪುಸ್ತಕ ತೆರೆದು ಪೆನ್ನು ಹಿಡಿದು ಕೇಳಿದರು: "ವೈನಿ, ನಿಮ್ಮ ಬಾಯಿಂದನ ಬರಕೋತೇನಿ. ಅವತ್ತ ಏನಾತು?"

ಐವತ್ತೇಳು ಮುಖ. ಮೊದಲ ಸಾಲಿನಲ್ಲಿ ವನಮಾಲಮ್ಮ ಮಡಿಲಲ್ಲಿ ಕೈ ಜೋಡಿಸಿಕೊಂಡು ಸೊಸೆಯ ಬಾಯನ್ನೇ ನೋಡುತ್ತಿದ್ದರು. ಅಷ್ಟು ಸಣ್ಣವರಾಗಿ ಅವರು ಎಂದೂ ಕಂಡಿರಲಿಲ್ಲ.

"ಎರಡು ಹನ್ನೊಂದಕ್ಕೆ ಚಮಚ ಬಿತ್ತು," ಎಂದಳು ಶ್ರೀವಾಣಿ. "ಐದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಎಲ್ಲರೂ ಕೆಳಗಿದ್ದೆವು. ಮೆಟ್ಟಿಲು ಖಾಲಿ ಇತ್ತು. ಇನ್ನು ಮುಂದೆಯೂ ಖಾಲಿ ಇರಬೇಕು."

ಚಪ್ಪಾಳೆ ಬಿತ್ತು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದನ್ನು ಅವಳು ಕೂತ ಮೇಲೆ ಎರಡು ಸಲ ಪರೀಕ್ಷಿಸಿ ನೋಡಿದಳು.

ಆ ರಾತ್ರಿ ಐದು ಲೋಟಗಳನ್ನು ಅಡುಗೆಮನೆಯಿಂದ ಎತ್ತಿ ತನ್ನ ಮಲಗುವ ಕೋಣೆಯ ಕಪಾಟಿನ ಮೇಲೆ ಕಟ್ಟಿದಳು. "ಇನ್ನು ನನ್ನ ತಲೆಯ ಮೇಲೆ ಬೀಳುವುದಾ?" ಎಂದ ರಮಾಕಾಂತ, ಮತ್ತು ಮಗ್ಗುಲಾದ. ಶ್ರೀವಾಣಿ ಮತ್ತೆ ಅಡುಗೆಮನೆಗೆ ಹೋಗಿ ಸ್ಟ್ಯಾಂಡಿನಿಂದ ಒಂದು ಚಮಚ ತೆಗೆದು, ಒರೆಸಿ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಬಟ್ಟೆ ಹಾಸಿ ಇಟ್ಟಳು. ಹಾಲ್‌ನಿಂದ ಗೊರಕೆ ಕೇಳುತ್ತಿತ್ತು, ಸ್ವಲ್ಪ ಅತಿಯಾದ ಗೊರಕೆ.

ಮಲಗುವ ಮೊದಲು ಅವಳು ಪ್ರತಿ ಸೀಟಿಯ ಲೆಕ್ಕ ಬರೆದಿಡುವ ತನ್ನ ಆಪತ್ತಿನ ಪುಸ್ತಕ ತೆರೆದಳು. ಕಾರಣ ಎಂಬ ಅಂಕಣದಲ್ಲಿ ಹಿಂದಿನ ಎರಡು ಸಾಲು ತುಂಬಿದ್ದವು: ಮೆಟ್ರೋ ಯಂತ್ರ, ವಾಷಿಂಗ್ ಮಷೀನು. ಮೂರನೆಯದರ ಎದುರು ಪೆನ್ನು ಊರಿ, ಸ್ವಲ್ಪ ಹೊತ್ತು ನಗು ತಡೆದುಕೊಂಡು ಕೂತಳು. ನಗು ತಡೆಯಲಿಲ್ಲ, ದಿಂಬಿಗೆ ಮುಖ ಒತ್ತಿ, ಹಾಸಿಗೆ ಅಲ್ಲಾಡುವಷ್ಟು ನಕ್ಕಳು. ಕಪಾಟಿನ ಮೇಲಿನ ಚಮಚ ಬಿದ್ದೀತೆಂದು ಹೆದರಿ ಉಸಿರು ಬಿಗಿಹಿಡಿದಳು. ಆಮೇಲೆ ಪುಸ್ತಕ ಮುಚ್ಚಿದಳು. ರಮಾಕಾಂತನಿಗೆ ಹೇಳುವುದಿಲ್ಲ, ಅನಘಳಿಗೆ ಹೇಳುವುದಿಲ್ಲ, ಪುಸ್ತಕಕ್ಕೂ ಹೇಳುವುದಿಲ್ಲ.